ಊರಿನ ಹಳೆಯ ಫೋಟೊಗಳನ್ನು ಹೆಸರು ಸಮೇತ ಉಳಿಸುವುದು ಹೇಗೆ

ಒಣಗಿದ, ತಂಪಾದ ಜಾಗದಲ್ಲಿಟ್ಟ ಕಪ್ಪು-ಬಿಳುಪು ಫೋಟೊ ಇನ್ನೂ ಐವತ್ತು ವರ್ಷ ಸಲೀಸಾಗಿ ಬಾಳುತ್ತದೆ. ಅದರಲ್ಲಿ ಯಾರು ನಿಂತಿದ್ದಾರೆಂದು ಹೇಳಬಲ್ಲ ಎಂಬತ್ತೈದರ ಹಿರಿಯರಿಗೆ ಅಷ್ಟು ಕಾಲಾವಕಾಶವಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಆತುರ ಪಡಬೇಕಾದದ್ದು ಹೆಸರುಗಳಿಗೆ, ಸ್ಕ್ಯಾನಿಗಲ್ಲ. ಹೆಚ್ಚಿನ ಗುಂಪುಗಳು ಇದನ್ನು ತಲೆಕೆಳಗು ಮಾಡುತ್ತವೆ. ಮೊದಲ ವರ್ಷವಿಡೀ ಸಾವಿರಾರು ಚಿತ್ರ ಸ್ಕ್ಯಾನ್ ಮಾಡಿ, ಹೆಸರು ಕೇಳಲು ಹೊರಡುವ ಹೊತ್ತಿಗೆ ಹೇಳುವವರು ಇರುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಸ್ಫುಟವಾಗಿ ಕಾಣುವ ಅಪರಿಚಿತರ ಮುಖಗಳು.

ಕೆಳಗಿನ ಕ್ರಮ ಎರಡು-ಮೂರು ಜನರ ತಂಡ ಒಂದು ಬೀದಿ, ಒಂದು ಶಾಲೆ ಅಥವಾ ಒಂದು ಊರಿನ ಫೋಟೊಗಳನ್ನು ಕೈಗೆತ್ತಿಕೊಂಡಾಗ ಅನುಸರಿಸುವಂಥದ್ದು. ಒಂದೇ ಮನೆಯ ಪೆಟ್ಟಿಗೆಗೂ ಇದೇ ಸಾಕು.

ಮುಟ್ಟುವ ಮುಂಚೆ

ಪೆಟ್ಟಿಗೆ ಕೈಗೆ ಬಂದ ಕೂಡಲೇ ಮೇಜಿನ ಮೇಲೆ ಸುರಿಯಬೇಡಿ. ಫೋಟೊಗಳು ಯಾವ ಕ್ರಮದಲ್ಲಿವೆಯೋ ಆ ಕ್ರಮವೂ ಒಂದು ಮಾಹಿತಿ. ಒಂದೇ ಲಕೋಟೆಯಲ್ಲಿರುವ ಎಂಟು ಫೋಟೊಗಳು ಒಂದೇ ರೋಲಿನವಾಗಿರುವ ಸಂಭವ ಹೆಚ್ಚು. ಅವುಗಳಲ್ಲಿ ಒಂದರ ಬೆನ್ನಿಗೆ ತಾರೀಖಿದ್ದರೂ ಉಳಿದ ಏಳಕ್ಕೆ ಸುಳಿವು ಸಿಕ್ಕಂತೆಯೇ. 'ಮದುವೆ', 'ಶಾಲೆ', 'ಮೆರವಣಿಗೆ' ಎಂದು ವಿಷಯವಾರು ಗುಡ್ಡೆ ಹಾಕಿದ ಗಳಿಗೆಯಲ್ಲೇ ಈ ನಂಟು ಕಡಿದುಹೋಗುತ್ತದೆ. ಮತ್ತೆ ಜೋಡಿಸಲು ಯಾರಿಂದಲೂ ಆಗದು. ವಿಂಗಡಣೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಬಗೆಯಲ್ಲಿ ಬೇಕಾದರೂ ಮಾಡಬಹುದು.

ಮುಚ್ಚಿದ ಪೆಟ್ಟಿಗೆಯನ್ನು ಒಮ್ಮೆ, ತೆರೆದ ಪೆಟ್ಟಿಗೆಯನ್ನು ಒಮ್ಮೆ ಮೊಬೈಲಿನಲ್ಲಿ ತೆಗೆಯಿರಿ. ಆಲ್ಬಮ್ ಆದರೆ ಹೊದಿಕೆಯಿಂದ ಹಿಡಿದು ಪ್ರತಿ ಪುಟವನ್ನೂ ಇಡಿಯಾಗಿ ತೆಗೆಯಿರಿ, ಖಾಲಿ ಪುಟಗಳನ್ನೂ ಬಿಡಬೇಡಿ. ಫೋಟೊ ಕಿತ್ತುಹೋದ ಜಾಗದಲ್ಲಿ ಬರಹವಷ್ಟೇ ಉಳಿದಿರುವುದುಂಟು. ನಂತರ ಎಣಿಸಿ, ಒಂದು ಪುಸ್ತಕದಲ್ಲಿ ಬರೆಯಿರಿ: ಕೊಟ್ಟವರು ಯಾರು, ಎಷ್ಟು ಕೊಟ್ಟರು, ಯಾವ ದಿನ, ಯಾವಾಗ ಹಿಂತಿರುಗಿಸಬೇಕು. ಇಬ್ಬರ ಸಹಿಯೂ ಇರಲಿ. ನಂಟರ ನಡುವೆ ಇದೆಲ್ಲ ಬೇಕೇ ಅನ್ನಿಸಬಹುದು. ಒಂದು ಫೋಟೊ ಕಾಣೆಯಾಗಿದೆ ಎಂಬ ಅನುಮಾನ ಎದ್ದರೆ ಇಡೀ ಬೀದಿಯ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಕೈಯನ್ನು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ. ಫೋಟೊವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬಿಳಿ ಹತ್ತಿ ಗ್ಲೌಸ್ ನೋಡಲು ಗಂಭೀರವಾಗಿ ಕಾಣುತ್ತದೆ, ಅಷ್ಟೆ. ಅದರ ನೂಲು ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಸ್ಪರ್ಶವೂ ತಿಳಿಯದು. ನೆಗೆಟಿವ್ ಹಿಡಿಯಲು ಪುಡಿಯಿಲ್ಲದ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಏಕೆಂದರೆ ಬೆರಳಚ್ಚಿನ ಜಿಡ್ಡು ಅದರ ಮೇಲೆ ಶಾಶ್ವತವಾಗಿ ಕೂರುತ್ತದೆ. ಮೇಜಿನ ಮೇಲೆ ಕುಡಿಯುವ, ತಿನ್ನುವ ಪದಾರ್ಥ ಬೇಡ. ಪೆನ್ನೂ ಬೇಡ, ಪೆನ್ಸಿಲ್ ಮಾತ್ರ.

ಕೈಗೆ ಬಂದದ್ದು ಏನು?

ಯಾವ ಬಗೆಯ ಫೋಟೊ ಎಂದು ಗುರುತು ಹಿಡಿದರೆ ಕಾಲವೂ ಸ್ವಲ್ಪ ತಿಳಿಯುತ್ತದೆ, ಅಪಾಯವೂ ತಿಳಿಯುತ್ತದೆ. ತೆಳು ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದ, ಕಂದು-ಹಳದಿ ಬಣ್ಣದ ಚಿತ್ರವಾದರೆ 1850ರಿಂದ 1890ರ ದಶಕದವರೆಗೆ ಬಳಕೆಯಲ್ಲಿದ್ದ ಆಲ್ಬುಮಿನ್ ಪ್ರಿಂಟ್ ಇರಬಹುದು, ಅಂದರೆ ಮೊಟ್ಟೆಯ ಬಿಳಿಲೋಳೆಯ ಲೇಪವಿರುವ ಕಾಗದ. ಅದಾದ ಮೇಲೆ 1960ರ ದಶಕದವರೆಗಿನ ಕಪ್ಪು-ಬಿಳುಪು ಫೋಟೊಗಳಲ್ಲಿ ಬಹುಪಾಲು ಜೆಲಟಿನ್ ಸಿಲ್ವರ್ ಪ್ರಿಂಟುಗಳು, ಅಂದರೆ ಜೆಲಟಿನ್ ಎಂಬ ಅಂಟುಪದರದಲ್ಲಿ ಬೆಳ್ಳಿಯ ಕಣಗಳಿಂದ ಚಿತ್ರ ಮೂಡಿದಂಥವು. ಓರೆಯಾಗಿ ಹಿಡಿದು ನೋಡಿದಾಗ ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಛಾಯೆಯ, ಕನ್ನಡಿಯಂಥ ಹೊಳಪು ಕಂಡರೆ ಅದರಲ್ಲಿರುವ ಬೆಳ್ಳಿ ಮೇಲಕ್ಕೆ ಬರುತ್ತಿದೆ ಎಂದರ್ಥ. ಅದನ್ನು ಒರೆಸಿ ತೆಗೆಯಲು ಹೋಗಬೇಡಿ, ಚಿತ್ರವೇ ಹೋಗುತ್ತದೆ.

ಬೆನ್ನು ಮುಟ್ಟಿದಾಗ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಅದು 1970ರ ಸುಮಾರಿನಿಂದ ಬಳಕೆಗೆ ಬಂದ ಆರ್‌ಸಿ ಕಾಗದ, ಅಂದರೆ ಪ್ಲಾಸ್ಟಿಕ್ ಲೇಪವಿರುವ ಕಾಗದ. ಆ ಕಾಲದ ಬಣ್ಣದ ಫೋಟೊಗಳು ಕಪ್ಪು-ಬಿಳುಪಿಗಿಂತ ಬೇಗ ಕೆಡುತ್ತವೆ. ಕತ್ತಲಲ್ಲಿಟ್ಟರೂ ಅವುಗಳ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಇಡೀ ಚಿತ್ರ ಕೆಂಪಾಗುತ್ತ ಹೋಗುತ್ತದೆ. ಹಾಗಾಗಿ ಸ್ಕ್ಯಾನಿನ ಸರದಿಯಲ್ಲಿ ಅಜ್ಜನ ಕಾಲದ ಕಪ್ಪು-ಬಿಳುಪಿಗಿಂತ ಅಪ್ಪನ ಕಾಲದ ಬಣ್ಣದ ಫೋಟೊಗಳನ್ನು ಮುಂದೆ ಹಾಕಿ. ಹಳೆಯದೇ ಹೆಚ್ಚು ಅಪಾಯದಲ್ಲಿರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೆಗೆಟಿವ್‌ಗಳಲ್ಲಿ ಎರಡು ಬಗೆ ತಂಟೆಯವು. ಮೊದಲನೆಯದು ನೈಟ್ರೇಟ್ ಫಿಲ್ಮ್, 1950ರ ದಶಕದ ಆರಂಭದವರೆಗೂ ಇತ್ತು. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ನೈಟ್ರೇಟ್' ಎಂದು ಅಚ್ಚಾಗಿರಬಹುದು. ಹಳದಿಗಟ್ಟಿ, ಅಂಟಂಟಾಗಿ, ಘಾಟು ವಾಸನೆ ಬರುತ್ತಿದ್ದರೆ ಅನುಮಾನಿಸಿ. ಇದು ಭುಗ್ಗನೆ ಹೊತ್ತಿಕೊಳ್ಳುವ ವಸ್ತು, ನೀರಿನಲ್ಲೂ ಆರದು. ಬಿಸಿಯಾಗುವ ಸ್ಕ್ಯಾನರ್, ಲೈಟ್‌ಬಾಕ್ಸ್‌ಗಳ ಹತ್ತಿರ ಒಯ್ಯದೆ, ಬೇರೆಯಾಗಿ ತಂಪಾದ ಜಾಗದಲ್ಲಿಟ್ಟು ಪತ್ರಾಗಾರದ ಸಂರಕ್ಷಣಾ ತಜ್ಞರನ್ನು ಕೇಳಿ. ಎರಡನೆಯದು ಅಸಿಟೇಟ್, ಅಂಚಿನಲ್ಲಿ 'ಸೇಫ್ಟಿ' ಎಂದಿರುತ್ತದೆ. ಬೆಂಕಿಯ ಭಯವಿಲ್ಲ, ಆದರೆ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ಅದು ಕೊಳೆಯಲು ಶುರುವಾಗಿದೆ. ಆ ಆಮ್ಲದ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಅವನ್ನು ಕೂಡಲೇ ಬೇರೆ ಮಾಡಿ, ಮೊದಲು ಸ್ಕ್ಯಾನ್ ಮಾಡಿ.

ಬೂಷ್ಟು ಹಿಡಿದ ಕಟ್ಟನ್ನು ಮನೆಯೊಳಗೆ ಬಿಚ್ಚಬೇಡಿ. ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಕಡೆ, ನೆರಳಿನಲ್ಲಿ ಹರಡಿ ಒಣಗಿಸಿ. ಒಣಗಿದ ಬೂಷ್ಟು ಪುಡಿಯಾದ ಮೇಲೆ ಮೃದು ಬ್ರಷ್‌ನಿಂದ ಹೊರಮುಖವಾಗಿ ತಳ್ಳಿ. ಹಸಿಯಿರುವಾಗ ಒರೆಸಿದರೆ ಅದು ಜೆಲಟಿನ್ ಒಳಗೆ ಇಳಿಯುತ್ತದೆ.

ಅಂಟಿಕೊಂಡದ್ದನ್ನು ಬಿಡಿಸುವುದು

ಪಾರದರ್ಶಕ ಹಾಳೆಯ ಕೆಳಗೆ ಅಂಟಿನ ಗೆರೆಗಳಿರುವ ಆಲ್ಬಮ್‌ಗಳೇ ಅತಿ ಹೆಚ್ಚು ಹಾನಿ ಮಾಡಿವೆ. ಆ ಅಂಟು ಕಾಲಕ್ರಮೇಣ ಹಳದಿಯಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೊ ಬಾಗುತ್ತದೆ, ಬಾಗಿದ ಕಡೆ ಚಿತ್ರವಿರುವ ಎಮಲ್ಷನ್ ಪದರ ಬಿರಿಯುತ್ತದೆ, ಆ ಬಿರುಕು ಮತ್ತೆ ಕೂಡುವುದಿಲ್ಲ. ಎಳೆಯುವ ಬದಲು, ಹಲ್ಲಿನ ಸಂದು ಶುಚಿ ಮಾಡುವ ಮೇಣವಿಲ್ಲದ ಫ್ಲಾಸ್ ದಾರವನ್ನು ಸುಮಾರು 40 ಸೆಂಟಿಮೀಟರ್ ಕತ್ತರಿಸಿಕೊಳ್ಳಿ. ಎರಡೂ ತುದಿ ಬೆರಳಿಗೆ ಸುತ್ತಿ, ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸದಂತೆ ಆಚೀಚೆ ಆಡಿಸುತ್ತ ನಿಧಾನವಾಗಿ ಮುಂದೆ ಸಾಗಿ. ದಾರ ಪುಟಕ್ಕೆ ತಾಗಿಕೊಂಡೇ ಹೋಗಬೇಕು, ಫೋಟೊವಿನ ಕಡೆಗೆ ಏರಬಾರದು. ಫೋಟೊ ಚಪ್ಪಟೆಯಾಗಿಯೇ ಇರಲಿ. ಒಂದು ಕಡೆ ದಾರ ಸಿಕ್ಕಿಕೊಂಡರೆ ಎದುರು ಮೂಲೆಯಿಂದ ಪ್ರಯತ್ನಿಸಿ. ಅಲ್ಲೂ ಆಗದಿದ್ದರೆ ಬಿಟ್ಟುಬಿಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಹೇರ್ ಡ್ರೈಯರ್ ಹಿಡಿದು ಅಂಟು ಕರಗಿಸುವ ಉಪಾಯ ಹೇಳುವವರು ಬಹಳ, ಆದರೆ ಬಿಸಿಗೆ ಫೋಟೊದ ಜೆಲಟಿನ್ ಪದರವೂ ಕೆಡಬಹುದು.

ಫ್ರೇಮಿನ ಗಾಜಿಗೆ ಅಂಟಿದ ಫೋಟೊವನ್ನು ಕೀಳಲೇಬೇಡಿ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ ಅಥವಾ ಕ್ಯಾಮೆರಾದಲ್ಲಿ ತೆಗೆಯಿರಿ.

ಧೂಳಿಗೆ ಕೈಯಿಂದ ಒತ್ತುವ ರಬ್ಬರ್ ಬ್ಲೋಯರ್, ಆಮೇಲೆ ಮೃದು ಬ್ರಷ್. ಬಾಯಿಂದ ಊದಿದರೆ ಎಂಜಲಿನ ಹನಿ ಹಾರುತ್ತದೆ. ನೀರು, ಗಾಜು ಒರೆಸುವ ದ್ರಾವಣ, ಒದ್ದೆ ಬಟ್ಟೆ ಇವ್ಯಾವುವೂ ಬೇಡ.

ನೆರೆ ಅಥವಾ ಸೋರಿಕೆಯಲ್ಲಿ ನೆನೆದ ಕಟ್ಟು ಬಂದರೆ ಬೇರೆಯದೇ ಕ್ರಮ. ಒಣಗಲು ಬಿಟ್ಟರೆ ಎಲ್ಲವೂ ಒಂದೇ ಇಟ್ಟಿಗೆಯಾಗುತ್ತದೆ. ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು ಒಂದೊಂದಾಗಿ ಬಿಡಿಸಿ, ಚಿತ್ರದ ಮುಖ ಮೇಲಾಗಿ ಹೀರುಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ. 48 ಗಂಟೆಯೊಳಗೆ ಮುಗಿಯುವಂತಿಲ್ಲದಿದ್ದರೆ ನಡುನಡುವೆ ಮೇಣದ ಕಾಗದ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಆಮೇಲೆ ಸ್ವಲ್ಪಸ್ವಲ್ಪವೇ ಹೊರತೆಗೆದು ಕೆಲಸ ಮಾಡಬಹುದು. ಗಾಜಿನ ಪ್ಲೇಟು ಮತ್ತು ಪೋಲರಾಯ್ಡ್ ಬಗೆಯ ಚಿತ್ರಗಳನ್ನು ಮಾತ್ರ ಫ್ರೀಜರಿಗೆ ಹಾಕಬಾರದು.

ಸ್ಕ್ಯಾನ್

ಇದು ಈ ಇಡೀ ಕೆಲಸದ ಸುಲಭ ಭಾಗ. ಫ್ಲಾಟ್‌ಬೆಡ್ ಸ್ಕ್ಯಾನರ್, ಅಂದರೆ ಗಾಜಿನ ಮೇಲೆ ಫೋಟೊ ಮಲಗಿಸುವಂಥದ್ದು, ಸಾಕು. ಆದರೆ ಸಿಸಿಡಿ ಎಂಬ ಬಗೆಯ ಸೆನ್ಸರ್ ಇರುವುದನ್ನೇ ಆರಿಸಿ. ತೆಳ್ಳಗಿನ, ಅಗ್ಗದ ಸಿಐಎಸ್ ಬಗೆಯ ಸ್ಕ್ಯಾನರುಗಳಲ್ಲಿ ಗಾಜಿಗೆ ತಾಗದ ಭಾಗ, ಅಂದರೆ ಸುರುಳಿಯಾದ ಅಂಚು, ರಟ್ಟಿನ ಚೌಕಟ್ಟಿನೊಳಗಿನ ಚಿತ್ರ, ಮಸುಕಾಗುತ್ತದೆ. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಫೀಡರ್ ಸ್ಕ್ಯಾನರಿಗೆ ಹಳೆಯ ಫೋಟೊ ಹಾಕಬೇಡಿ, ಒಂದು ಸಿಕ್ಕಿಕೊಂಡರೂ ಹರಿಯುತ್ತದೆ.

ಅಂಗೈಯಗಲದ ಫೋಟೊಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಬೆಂಕಿಪೊಟ್ಟಣದಷ್ಟು ಚಿಕ್ಕದಕ್ಕೆ 1200. ದೊಡ್ಡ ಗುಂಪು ಫೋಟೊ ಎಂದು ಡಿಪಿಐ ಇಳಿಸಬೇಡಿ, ಅದರಲ್ಲಿ ಒಂದೊಂದು ಮುಖವೂ ಕಡಲೆಕಾಳಿನಷ್ಟಿರುತ್ತದೆ. 35 ಎಂಎಂ ನೆಗೆಟಿವ್‌ಗೆ 2400ರಿಂದ 4000. ಕಪ್ಪು-ಬಿಳುಪು ಫೋಟೊವನ್ನೂ ಬಣ್ಣದಲ್ಲೇ, 48 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ. ಕಂದು ಛಾಯೆ, ಕಲೆ, ಪೆನ್ಸಿಲ್ ಗುರುತು ಬೇರೆಬೇರೆಯಾಗಿ ಕಾಣುವುದು ಆಗಲೇ. ಕಡತವನ್ನು ಗುಣಮಟ್ಟ ಕಳೆಯದ ಟಿಫ್ ರೂಪದಲ್ಲಿ ಉಳಿಸಿ. 10×15 ಸೆಂಟಿಮೀಟರ್ ಫೋಟೊ 600 ಡಿಪಿಐನಲ್ಲಿ ಸುಮಾರು 50 ಎಂಬಿ ಆಗುತ್ತದೆ. ಸಾವಿರ ಫೋಟೊಗೆ 50 ಜಿಬಿ, ಬೆನ್ನುಗಳನ್ನೂ 600ರಲ್ಲೇ ತೆಗೆದರೆ ಅದರ ಎರಡರಷ್ಟು. ಡಿಸ್ಕ್ ಕೊಳ್ಳುವಾಗ ಈ ಲೆಕ್ಕ ಹಿಡಿಯಿರಿ.

ತಂತ್ರಾಂಶದಲ್ಲಿ ತಾನಾಗಿ ಬಣ್ಣ ಸರಿಪಡಿಸುವ, ಚೂಪುಗೊಳಿಸುವ, ಧೂಳು ತೆಗೆಯುವ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಬಣ್ಣದ ನೆಗೆಟಿವ್‌ಗೆ ಚೆನ್ನಾಗಿ ನಡೆಯುತ್ತದೆ. ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿಯೇ ಆ ಕಿರಣವನ್ನು ತಡೆಯುವುದರಿಂದ ಅದು ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಫೋಟೊವಿನ ಸುತ್ತ ಐದು ಮಿಲಿಮೀಟರ್ ಹೆಚ್ಚು ಜಾಗ ಬಿಟ್ಟು ಸ್ಕ್ಯಾನ್ ಮಾಡಿ, ಬಿಳಿ ಅಂಚನ್ನು ಕತ್ತರಿಸಬೇಡಿ.

ರೇಷ್ಮೆಯಂಥ ಅಥವಾ ಜೇನುಗೂಡಿನಂಥ ಉಬ್ಬುತಗ್ಗಿನ ಕಾಗದ ಕಾಟ ಕೊಡುತ್ತದೆ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬಂದು ಚಿತ್ರದ ಮೇಲೆಲ್ಲ ಬಿಳಿ ಚುಕ್ಕಿ ಮೂಡಿಸುತ್ತದೆ. ಇಂಥದ್ದನ್ನು ಕ್ಯಾಮೆರಾದಲ್ಲಿ ತೆಗೆಯುವುದೇ ಮೇಲು. ಫೋಟೊವನ್ನು ಸಮತಟ್ಟಾಗಿಟ್ಟು ಕ್ಯಾಮೆರಾವನ್ನು ನೇರ ಮೇಲೆ ಟ್ರೈಪಾಡಿಗೆ ಕಟ್ಟಿ, ಎರಡು ಬದಿಯಿಂದಲೂ 45 ಡಿಗ್ರಿ ಓರೆಯಲ್ಲಿ ಒಂದೇ ಬಗೆಯ ಎರಡು ದೀಪ ಇಡಿ, ಕೋಣೆಯ ಉಳಿದ ದೀಪ ಆರಿಸಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) 8, ಎರಡು ಸೆಕೆಂಡಿನ ಟೈಮರ್. ಗಾಜಿನ ಹಿಂದಿನ ಫೋಟೊಗೂ ಇದೇ ಏರ್ಪಾಡು, ಪ್ರತಿಫಲನ ಬಂದರೆ ಕ್ಯಾಮೆರಾದ ಮುಂದೆ ನಡುವೆ ತೂತಿರುವ ಕಪ್ಪು ರಟ್ಟು ಹಿಡಿಯಿರಿ.

ಬೆನ್ನನ್ನು ಮರೆಯಬೇಡಿ. ಅದರ ಮೇಲಿನ ಬರಹ, ಸ್ಟುಡಿಯೊದ ಮೊಹರು, ಕಾಗದ ಕಂಪನಿಯ ಗುರುತು, ಅಂಟಿನ ಕಲೆ ಇವೆಲ್ಲ ಬೇಕು. ಏನೂ ಇಲ್ಲದಿದ್ದರೂ 300 ಡಿಪಿಐನಲ್ಲಿ ಒಂದು ಸ್ಕ್ಯಾನ್ ಇರಲಿ, 'ಬೆನ್ನು ಖಾಲಿ' ಎಂಬುದೂ ಒಂದು ದಾಖಲೆ.

ಕಡತದ ಹೆಸರಿನಲ್ಲಿ ಅಂಕಿ ಮಾತ್ರ ಇರಲಿ: 012_0034_1 ಎಂದರೆ ಹನ್ನೆರಡನೆಯ ಮನೆಯ 34ನೆಯ ಫೋಟೊದ ಮುಖ, ಕೊನೆಗೆ 2 ಬಂದರೆ ಬೆನ್ನು. 'ಶಾಲೆಯ ಗುಂಪು 1970' ಎಂಬಂಥ ಹೆಸರು ಕೊಟ್ಟರೆ ನಾಳೆ ಅದು 1968 ಎಂದು ತಿಳಿದಾಗ ಎಲ್ಲ ಕಡೆಯೂ ತಿದ್ದಬೇಕಾಗುತ್ತದೆ. ಕನ್ನಡ ಅಕ್ಷರದ ಕಡತನಾಮಗಳು ಕೆಲವು ಹಳೆಯ ತಂತ್ರಾಂಶಗಳಲ್ಲಿ ಜಿಪ್ ಮಾಡಿ ಬಿಚ್ಚಿದಾಗ ಚೌಕಗಳ ಸಾಲಾಗಿ ಹೊರಬರುತ್ತವೆ, ಆ ಗೋಳೂ ತಪ್ಪುತ್ತದೆ. ಇದೇ ಸಂಖ್ಯೆಯನ್ನು ಲಕೋಟೆಯ ಮೇಲೂ ಬರೆಯಿರಿ, ಫೋಟೊ ಒಳಗೆ ಹಾಕುವ ಮುಂಚೆ. ಹಾಕಿದ ಮೇಲೆ ಬರೆದರೆ ಒತ್ತು ಒಳಗಿನ ಚಿತ್ರಕ್ಕೆ ಬೀಳುತ್ತದೆ.

ನೆನಪು ಕೇಳುವ ಕೂಟ

ಫೋಟೊ ಮುಂದಿಟ್ಟು ಮಾತಾಡಿಸುವುದು ಸಂಶೋಧಕರೂ ಬಳಸುವ ವಿಧಾನ. ಮಾನವಶಾಸ್ತ್ರಜ್ಞ ಜಾನ್ ಕೊಲಿಯರ್ 1957ರಲ್ಲಿ ಇದರ ಬಗ್ಗೆ ಬರೆದರು. ಬರೀ ಪ್ರಶ್ನೆಗೆ ಸಿಗುವ ಉತ್ತರಕ್ಕಿಂತ ಚಿತ್ರ ನೋಡುತ್ತ ಹೇಳುವ ಮಾತು ಹೆಚ್ಚು ನಿಖರ, ಹೆಚ್ಚು ವಿವರವಾದದ್ದು ಎಂಬುದು ಅವರು ಕಂಡುಕೊಂಡದ್ದು.

ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳಿ. ಎಲ್ಲರನ್ನೂ ಒಟ್ಟಿಗೆ ಸೇರಿಸುವ ಕೂಟ ಖುಷಿಯದ್ದೇ, ಆದರೆ ಅದು ಎರಡನೆಯ ಸುತ್ತಿಗೆ ಇರಲಿ. ಜೋರು ದನಿಯವರೊಬ್ಬರು "ಇದು ಆ ಮೇಷ್ಟ್ರು" ಎಂದುಬಿಟ್ಟರೆ ಉಳಿದವರ ನೆನಪೂ ಅದೇ ಕಡೆಗೆ ವಾಲುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ನಿಜಕ್ಕೂ ಹಾಗೆಯೇ ನೆನಪಾಗತೊಡಗುತ್ತದೆ. ಬೇರೆಬೇರೆಯಾಗಿ ಕೇಳಿದಾಗ ಮೂವರೂ ಒಂದೇ ಹೆಸರು ಹೇಳಿದರೆ ಅದಕ್ಕೊಂದು ತೂಕವಿದೆ.

ತಿದ್ದಿದ ಚಿತ್ರ ತೋರಿಸಬೇಡಿ. ಕೃತಕ ಬುದ್ಧಿಮತ್ತೆಯಿಂದ ಬಣ್ಣ ಬಳಿದ, ಮುಖ ಸ್ಪಷ್ಟಗೊಳಿಸಿದ ಪ್ರತಿಯಂತೂ ಕೂಡದು. ಮಸುಕಾದ ಮುಖವನ್ನು 'ಸ್ಪಷ್ಟ' ಮಾಡುವ ತಂತ್ರಾಂಶ ಅಲ್ಲಿ ಇಲ್ಲದ ಕಣ್ಣುಮೂಗನ್ನು ಊಹಿಸಿ ಬರೆಯುತ್ತದೆ, ಆ ಮುಖ ಯಾರದೂ ಅಲ್ಲ. 2002ರಲ್ಲಿ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರ ಬಾಲ್ಯದ ಫೋಟೊಗಳ ನಡುವೆ ಒಂದು ನಕಲಿ ಸೇರಿಸಿ ತೋರಿಸಿದರು, ಬಿಸಿಗಾಳಿ ಬಲೂನಿನಲ್ಲಿ ಕೂತಂತೆ ಜೋಡಿಸಿದ್ದು. ಕೆಲವು ಭೇಟಿಗಳ ಬಳಿಕ ಅರ್ಧದಷ್ಟು ಜನ ಎಂದೂ ಮಾಡದ ಆ ಪಯಣವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆನಪಿಸಿಕೊಂಡರು.

ತೋರಿಸುವುದಕ್ಕೆ ಮೂಲ ಫೋಟೊಗಿಂತ ದೊಡ್ಡದಾಗಿ ಅಚ್ಚು ಹಾಕಿಸಿದ ಪ್ರತಿ ಒಳ್ಳೆಯದು, ಎ4 ಹಾಳೆಗೊಂದು. ಗುಂಪು ಫೋಟೊ ಆದರೆ ಪ್ರತಿ ತಲೆಯ ಮೇಲೂ ಒಂದು ಸಂಖ್ಯೆ ಹಾಕಿದ ಇನ್ನೊಂದು ಪ್ರತಿ ಇರಲಿ. 'ಎಡದಿಂದ ಮೂರನೆಯವರು' ಎಂಬ ವಿವರಣೆಯಲ್ಲಿ ಗೊಂದಲ ಖಂಡಿತ: ನೋಡುವವರ ಎಡವೋ ನಿಂತವರ ಎಡವೋ, ನೆಲಕ್ಕೆ ಕೂತ ಮಕ್ಕಳು ಮೊದಲ ಸಾಲೋ ಅಲ್ಲವೋ, ಒಬ್ಬರಿಗೊಂದು ಲೆಕ್ಕ. ಹಿರಿಯರ ಕನ್ನಡಕ ಕೈಗೆಟಕುವಂತಿರಲಿ, ಬೆಳಕು ಅವರ ಬೆನ್ನ ಹಿಂದಿನಿಂದ ಬೀಳಲಿ. ಒಂದು ಸಲಕ್ಕೆ ಹತ್ತು-ಹದಿನೈದು ಫೋಟೊ, ಒಂದು ಗಂಟೆ. ಅದಕ್ಕಿಂತ ಎಳೆದರೆ "ಹೌದು, ಅವರೇ ಇರಬೇಕು" ಎಂಬ ಉತ್ತರಗಳು ಬರತೊಡಗುತ್ತವೆ. ದಣಿವಿನ ಉತ್ತರ ಅದು.

ಕೇಳಿಯೇ ಧ್ವನಿಮುದ್ರಿಸಿ. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಕಡತ, ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಎಂಬಿ. ಮೊಬೈಲ್ ಆದರೂ ನಡೆಯುತ್ತದೆ, ಏರೋಪ್ಲೇನ್ ಮೋಡಿನಲ್ಲಿಟ್ಟು ಬಾಯಿಂದ ಒಂದು ಗೇಣು-ಎರಡು ಗೇಣು ದೂರದಲ್ಲಿ ಮಡಿಸಿದ ಬಟ್ಟೆಯ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಪ್ರತಿ ತಟ್ಟುವಿಕೆಯೂ ಗುಡುಗಿನಂತೆ ಕೇಳಿಸುತ್ತದೆ. ಫ್ಯಾನ್ ಆರಿಸಿ. ಹೊಸ ಫೋಟೊ ಮುಂದಿಟ್ಟಾಗಲೆಲ್ಲ ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ. ಹಾಗೆ ಹೇಳದ ಮುದ್ರಿಕೆಯಲ್ಲಿ "ಇವನು ನೋಡು, ಇವನ ಪಕ್ಕ ಇವಳು" ಎಂಬುದಷ್ಟೇ ಉಳಿಯುತ್ತದೆ.

ಪ್ರಶ್ನೆ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ. ಮುಂದಿರುವುದು ಶಾಲೆಯ ಗುಂಪು ಫೋಟೊ.

"ಅಜ್ಜಿ, ಇದು ಯಾವ ವರ್ಷದ್ದು?"

"ಯಾರಿಗೆ ನೆನಪಿದೆಯಪ್ಪಾ."

"ಇದರಲ್ಲಿ ನೀವೆಲ್ಲಿದ್ದೀರಿ?"

"ಇಲ್ಲಿ, ಕೊನೇಲಿ. ಕಾಲು ಒಳಗೆ ಎಳ್ಕೊಂಡು ಕೂತಿದೀನಿ ನೋಡು, ಚಪ್ಪಲಿ ಇರಲಿಲ್ಲ."

"ಪಕ್ಕದಲ್ಲಿರೋದು ಯಾರು?"

"ಅವಳು ನನಗಿಂತ ಒಂದು ಕ್ಲಾಸ್ ಮುಂದೆ. ಮಾರನೇ ವರ್ಷ ಬರಲೇ ಇಲ್ಲ. ಹಿಂದೆ ಗೋಡೆ ನೋಡು, ಇಟ್ಟಿಗೆ ಕಾಣ್ತಿದೆ. ಆ ಕೋಣೆಗೆ ಇನ್ನೂ ಗಾರೆ ಆಗಿರಲಿಲ್ಲ ಆಗ."

ವರ್ಷ ಕೇಳಿದ ಪ್ರಶ್ನೆಗೆ ಏನೂ ಸಿಗಲಿಲ್ಲ. ಜಾಗ ಕೇಳಿದ್ದಕ್ಕೆ ಎರಡು ಸುಳಿವು ಸಿಕ್ಕಿತು: ಪಕ್ಕದವಳು ಶಾಲೆ ಬಿಟ್ಟ ವರ್ಷ, ಕೋಣೆ ಕಟ್ಟಿದ ವರ್ಷ. ಎರಡೂ ಶಾಲೆಯ ದಾಖಲಾತಿ ಪುಸ್ತಕದಲ್ಲೋ ಲೆಕ್ಕಪತ್ರದಲ್ಲೋ ಹುಡುಕಬಹುದಾದಂಥವು. ಜನರಿಗೆ ಇಸವಿ ನೆನಪಿರುವುದಿಲ್ಲ, ಮೊದಲ ಮಗು ಹುಟ್ಟಿದ್ದು, ಮನೆಗೆ ಕರೆಂಟು ಬಂದದ್ದು, ಬಾವಿ ಬತ್ತಿದ್ದು ನೆನಪಿರುತ್ತದೆ. "ಇದು ಆದಾಗ ದೊಡ್ಡ ಮಗಳು ಹುಟ್ಟಿದ್ದಳಾ?" ಎಂದು ಕೇಳಿ. "ಇದು ಅರವತ್ತೆಂಟರದ್ದಲ್ಲವಾ?" ಎಂದು ನೀವೇ ಉತ್ತರ ಬಾಯಿಗೆ ಹಾಕಬೇಡಿ, ಮರ್ಯಾದೆಗೆ ಹೌದೆಂದುಬಿಡುತ್ತಾರೆ.

ಮಾತು ನಿಂತಾಗ ಸುಮ್ಮನಿರಿ. ಹತ್ತು ಸೆಕೆಂಡಿನ ಮೌನ ಕೇಳುವವರಿಗೆ ಕಷ್ಟ, ನೆನಪಿಸಿಕೊಳ್ಳುವವರಿಗೆ ಅದು ಬೇಕು. ಕಣ್ಣು ತುಂಬಿ ಬಂದರೆ ಫೋಟೊ ಮಗುಚಿಟ್ಟು ಧ್ವನಿಮುದ್ರಣ ನಿಲ್ಲಿಸಿ.

ಕಾಲ ಗೊತ್ತುಮಾಡುವುದು

'ಯಾವ ವರ್ಷ' ಎಂದು ಹುಡುಕುವುದಕ್ಕಿಂತ ಎರಡು ಗೆರೆ ಎಳೆಯುವುದು ಸುಲಭ: ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ. ಸಿಗುವ ಪ್ರತಿ ಸುಳಿವೂ ಈ ಎರಡರಲ್ಲಿ ಒಂದನ್ನು ಹತ್ತಿರ ತರುತ್ತದೆ.

ಚೌಕಾಕಾರದ ಬಣ್ಣದ ಫೋಟೊ, ಜೊತೆಗೆ 28 ಮಿಲಿಮೀಟರಿನ ಚೌಕ ನೆಗೆಟಿವ್ ಇದ್ದರೆ ಅದು ಕೊಡಕ್ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾದ 126 ಫಿಲ್ಮ್, ಆದ್ದರಿಂದ 1963ಕ್ಕಿಂತ ಹಿಂದಿನದಲ್ಲ. 13×17 ಮಿಲಿಮೀಟರಿನ ಪುಟ್ಟ ನೆಗೆಟಿವ್ 110 ಫಿಲ್ಮಿನದು, 1972ರ ನಂತರದ್ದು. ಕೆಳಗೆ ದಪ್ಪ ಬಿಳಿ ಅಂಚಿರುವ, ತಾನೇ ಮೂಡುವ ಪೋಲರಾಯ್ಡ್ ಚಿತ್ರವೂ 1972ರಿಂದ ಈಚಿನದು. ಬೆನ್ನು ಪ್ಲಾಸ್ಟಿಕ್‌ನಂತಿದ್ದರೆ ಆ ಪ್ರಿಂಟ್ 1960ರ ದಶಕದ ಕೊನೆಗಿಂತ ಹಳೆಯದಲ್ಲ.

'ಆ ಪ್ರಿಂಟ್' ಎಂದದ್ದನ್ನು ಗಮನಿಸಿ. ಎಡವುವುದು ಇಲ್ಲೇ. 1940ರ ಮದುವೆಯ ಫೋಟೊವನ್ನು 1985ರಲ್ಲಿ ಮತ್ತೆ ಪ್ರಿಂಟ್ ಹಾಕಿಸಿರಬಹುದು, ಕಾಗದ ಹೇಳುವುದು ಎರಡನೆಯ ಇಸವಿಯನ್ನು. ಫೋಟೊದ ಫೋಟೊ ತೆಗೆದ ಪ್ರತಿಗಳಲ್ಲಿ ಕಪ್ಪು-ಬಿಳುಪಿನ ನಡುವಿನ ಬೂದು ಛಾಯೆಗಳು ಕಳೆದುಹೋಗಿರುತ್ತವೆ, ಮೂಲದ ಬಿರುಕು, ಮಡಿಕೆ, ಅಂಚಿನ ನೆರಳು ಚಿತ್ರದೊಳಗೇ ಅಚ್ಚಾಗಿರುತ್ತವೆ, ಬೆರಳಿಗೆ ಮಾತ್ರ ಸಿಗುವುದಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಸಾಲುಸಾಲು ಚುಕ್ಕಿ ಕಂಡರೆ ಅದು ಫೋಟೊ ಅಲ್ಲ, ಪತ್ರಿಕೆಯಿಂದಲೋ ಸ್ಮರಣ ಸಂಚಿಕೆಯಿಂದಲೋ ಕತ್ತರಿಸಿದ ಅಚ್ಚು.

ಚಿತ್ರದೊಳಗೆ ಹುಡುಕುವಾಗ ಜನರನ್ನು ಬಿಟ್ಟು ಹಿನ್ನೆಲೆ ನೋಡಿ. ವಿದ್ಯುತ್ ಕಂಬ, ಆಂಟೆನಾ, ಗೋಡೆಯ ಮೇಲಿನ ಭಿತ್ತಿಪತ್ರ, ವಾಹನದ ನೋಂದಣಿ ಫಲಕ, ಅಂಗಡಿಯ ಹೆಸರು, ಮರದ ಎತ್ತರ. ಬಟ್ಟೆಬರೆ ನೋಡಿ ಕಾಲ ಹೇಳುವುದು ಅಪಾಯ, ಹಿರಿಯರು ಮೂವತ್ತು ವರ್ಷ ಒಂದೇ ಬಗೆಯ ಉಡುಪು ಹಾಕಿರುತ್ತಾರೆ, ಸ್ಟುಡಿಯೊಗಳು ಎರವಲು ಕೋಟು ಕೊಡುತ್ತಿದ್ದವು. ಮಕ್ಕಳು ಒಳ್ಳೆಯ ಗಡಿಯಾರ. ಹುಟ್ಟಿದ ವರ್ಷ ಗೊತ್ತಿರುವ ಒಂದು ಕೂಸು ತೊಡೆಯ ಮೇಲಿದ್ದರೆ ಒಂದೆರಡು ವರ್ಷದೊಳಗೆ ಕಾಲ ಸಿಕ್ಕಂತೆ. ಅಕ್ಕನ ಮಗುವನ್ನು ತಂಗಿಯ ಮಗುವೆಂದು ತಪ್ಪು ತಿಳಿದಿಲ್ಲ ಎಂಬುದನ್ನು ಮಾತ್ರ ಇಬ್ಬರಲ್ಲಿ ಕೇಳಿ.

ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೆ ಎಡಬಲ ಅದಲುಬದಲಾಗಿರುತ್ತದೆ. ಗಂಡಸರ ಅಂಗಿಯ ಗುಂಡಿಪಟ್ಟಿಯಲ್ಲಿ ತೊಟ್ಟವರ ಎಡಭಾಗ ಮೇಲೆ ಬರುತ್ತದೆ. ಅದು ಉಲ್ಟಾ ಇದ್ದರೆ, ಫಲಕದ ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದರೆ, ಇಡೀ ಬೀದಿಯೇ ತಿರುಗಿದೆ. ಹೀಗಿದ್ದಾಗ ಊರಿನವರು "ಇದು ನಮ್ಮ ಬೀದಿಯೇ ಅಲ್ಲ" ಎಂದು ಖಡಾಖಂಡಿತವಾಗಿ ಹೇಳುತ್ತಾರೆ.

ತಾರೀಖನ್ನು ಖಚಿತವಿಲ್ಲದೆ ಖಚಿತದಂತೆ ಬರೆಯಬೇಡಿ. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ 2019ರ ಎರಡನೆಯ ಭಾಗದಲ್ಲಿ ಇದಕ್ಕೊಂದು ಬರವಣಿಗೆ ಇದೆ: 1974~ ಎಂದರೆ ಸುಮಾರು 1974, 1974? ಎಂದರೆ ಅನುಮಾನವಿದೆ, [1971..1975] ಎಂದರೆ ಈ ಐದರಲ್ಲಿ ಒಂದು. ಪಕ್ಕದಲ್ಲೇ ಕಾರಣ ಬರೆಯಿರಿ: 'ಆರ್‌ಸಿ ಕಾಗದ, ಹಿಂದಿನ ಕೋಣೆಗೆ ಗಾರೆ ಆಗಿಲ್ಲ'. ಕಾರಣವಿಲ್ಲದ ಇಸವಿಯನ್ನು ಮುಂದಿನವರು ತಿದ್ದಲೂ ಆಗದು, ನಂಬಲೂ ಆಗದು.

ಬರೆದಿಡುವುದು

ಒಂದು ಸ್ಪ್ರೆಡ್‌ಶೀಟ್ ಸಾಕು. ಫೋಟೊ ಸಂಖ್ಯೆ, ಕೊಟ್ಟವರು, ಬೆನ್ನಿನ ಬರಹ ಅಕ್ಷರಶಃ (ತಪ್ಪು ಕಾಗುಣಿತ ಇದ್ದರೆ ಇದ್ದ ಹಾಗೇ), ಸ್ಥಳ, ಕಾಲ, ಕಾಲಕ್ಕೆ ಆಧಾರ, ಜನರು, ಹೇಳಿದವರು ಯಾರು, ಹೇಳಿದ ದಿನ, ಧ್ವನಿ ಕಡತದ ಸಂಖ್ಯೆ ಮತ್ತು ನಿಮಿಷ. ಕಣ್ಣಿಗೆ ಕಾಣುವುದು ಮತ್ತು ಬಾಯಿಂದ ಬಂದದ್ದು ಬೇರೆಬೇರೆ ಅಂಕಣದಲ್ಲಿರಲಿ. 'ಹೆಂಚಿನ ಕಟ್ಟಡದ ಮುಂದೆ 23 ಮಕ್ಕಳು, ಇಬ್ಬರು ದೊಡ್ಡವರು' ಎಂಬುದು ಕಂಡದ್ದು. 'ಬಲತುದಿಯವರು ಗಣಿತದ ಮೇಷ್ಟ್ರು' ಎಂಬುದು ಒಬ್ಬರು ಹೇಳಿದ್ದು. ಇನ್ನೊಬ್ಬರು ಬೇರೆ ಹೆಸರು ಹೇಳಿದರೆ ಮೊದಲನೆಯದನ್ನು ಅಳಿಸದೆ ಕೆಳಗೆ ಇನ್ನೊಂದು ಸಾಲು ಸೇರಿಸಿ. ಹೆಂಗಸರನ್ನು 'ಇಂಥವರ ಹೆಂಡತಿ' ಎಂದಷ್ಟೇ ಬರೆದು ಮುಂದೆ ಹೋಗುವ ರೂಢಿ ಬೇಡ. ಅವರ ಸ್ವಂತ ಹೆಸರು, ಮದುವೆಗೆ ಮುಂಚಿನ ಮನೆತನ, ಜನ ಕರೆಯುತ್ತಿದ್ದ ಹೆಸರು ಮೂರನ್ನೂ ಕೇಳಿ. ಅಡ್ಡಹೆಸರುಗಳನ್ನೂ ಬಿಡಬೇಡಿ, ಎಷ್ಟೋ ಜನರನ್ನು ಊರು ಬಲ್ಲದ್ದು ಅದರಿಂದಲೇ.

ಟೈಪ್ ಮಾಡುವುದು ಯೂನಿಕೋಡ್ ಕನ್ನಡದಲ್ಲೇ ಇರಲಿ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಮುಖ್ಯ ವಿವರಗಳನ್ನು ಚಿತ್ರದ ಕಡತದೊಳಗೇ ಬರೆಯಬಹುದು. ಕನ್ನಡಕ್ಕೆ ಎಕ್ಸ್‌ಎಂಪಿ ವಿಭಾಗವನ್ನೇ ಬಳಸಿ, ಹಳೆಯ ಐಪಿಟಿಸಿ ವಿಭಾಗದಲ್ಲಿ ಅಕ್ಷರಗಳು ಕೆಡಬಹುದು.

ಒಪ್ಪಿಗೆ

ಫೋಟೊ ಯಾರ ಮನೆಯಲ್ಲಿದೆಯೋ ಅವರು ಕಾಗದದ ಒಡೆಯರು. ಹಕ್ಕುಸ್ವಾಮ್ಯ ತೆಗೆದ ಛಾಯಾಗ್ರಾಹಕರದ್ದೋ ತೆಗೆಸಿದವರದ್ದೋ ಆಗಿರಬಹುದು, ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಕೊಡುವವರ ಹತ್ತಿರ ಮೂರು ಪ್ರಶ್ನೆ ಬೇರೆಬೇರೆಯಾಗಿ ಕೇಳಿ ಬರೆಸಿಕೊಳ್ಳಿ: ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬಹುದೇ, ಊರಿನ ಪ್ರದರ್ಶನದಲ್ಲಿ ಹಾಕಬಹುದೇ, ಅಂತರ್ಜಾಲಕ್ಕೆ ಏರಿಸಬಹುದೇ. ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನಬಹುದು, ಒಂದೇ ಸಹಿಯಲ್ಲಿ ಮೂರನ್ನೂ ಸೇರಿಸಿದರೆ ಆಮೇಲೆ ಜಗಳ. ಬದುಕಿರುವವರ, ಮಕ್ಕಳ, ಆಸ್ಪತ್ರೆಯ, ಸಾವಿನ ಮನೆಯ ಚಿತ್ರಗಳನ್ನು ಮನೆಯವರನ್ನು ಮತ್ತೊಮ್ಮೆ ಕೇಳದೆ ಹೊರಗೆ ಹಾಕಬೇಡಿ.

ಇಡುವುದು, ಹಿಂತಿರುಗಿಸುವುದು

ಮೂಲ ಫೋಟೊಗಳಿಗೆ ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಕವರ್. ಹೊಸದಾಗಿ ತೆರೆದಾಗ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಕವರ್ ಬೇಡವೇ ಬೇಡ. 'ಫೋಟೊ ಸೇಫ್' ಎಂಬ ಚೀಟಿಗಿಂತ ಐಎಸ್‌ಒ 18916 ಪರೀಕ್ಷೆ ಪಾಸಾಗಿದೆ ಎಂಬ ಮಾತಿಗೆ ಬೆಲೆ ಹೆಚ್ಚು, ಫೋಟೊಗೆ ತಾಗುವ ವಸ್ತು ಅದನ್ನು ಕೆಡಿಸುವುದೇ ಎಂದು ನೋಡುವ ಪರೀಕ್ಷೆ ಅದು. ರಬ್ಬರ್ ಬ್ಯಾಂಡ್, ಪಿನ್, ಸೆಲೋಟೇಪ್ ಬೇಡ. ಅಟ್ಟ ಮತ್ತು ನೆಲಮಾಳಿಗೆ ಎರಡೂ ಕೆಟ್ಟ ಜಾಗ, ಒಂದರಲ್ಲಿ ಬಿಸಿ, ಇನ್ನೊಂದರಲ್ಲಿ ತೇವ. ಮನೆಯ ಒಳಗೋಡೆಗೆ ಆತುಕೊಂಡ ಕಪಾಟಿನ ನಡುತಟ್ಟೆ ಒಳ್ಳೆಯದು. ತೇವಾಂಶ ಶೇ. 30ರಿಂದ 50ರೊಳಗಿದ್ದರೆ ನೆಮ್ಮದಿ, 65 ದಾಟಿದರೆ ಬೂಷ್ಟು ಶುರು.

ಬೆನ್ನಿಗೆ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಗಟ್ಟಿ ನೆಲದ ಮೇಲಿಟ್ಟು ಹಗುರವಾಗಿ ಸಂಖ್ಯೆ ಮಾತ್ರ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದಿನಿಂದ ಕಾಣುತ್ತದೆ. ಆರ್‌ಸಿ ಕಾಗದದ ಮೇಲೆ ಪೆನ್ಸಿಲ್ ಹತ್ತದು, ಅದಕ್ಕೆ ಲಕೋಟೆಯ ಮೇಲೆ ಬರೆದರೆ ಸಾಕು.

ಡಿಜಿಟಲ್ ಕಡತಗಳು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ಕರೆಂಟು ಕಾಣದೆ ವರ್ಷಗಟ್ಟಲೆ ಬಿದ್ದ ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವ್ ತಾವಾಗಿ ಮಾಹಿತಿ ಕಳೆದುಕೊಳ್ಳಬಹುದು, ಅವನ್ನು ನಂಬಿ ಕೂರಬೇಡಿ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ (ಕಡತದಲ್ಲಿರುವುದನ್ನೇ ಲೆಕ್ಕ ಹಾಕಿ ಪಡೆಯುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಟ್ಟಿ ಮಾಡಿಟ್ಟು, ವರ್ಷಕ್ಕೊಮ್ಮೆ ಹೋಲಿಸಿ ನೋಡಿ. ಸದ್ದಿಲ್ಲದೆ ಕೆಟ್ಟ ಕಡತವನ್ನು ಹಿಡಿಯಲು ಬೇರೆ ದಾರಿಯಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಒಳಗೆ ಬರೆದ ಹೆಸರುಗಳೂ ಅಳಿಸಿಹೋಗುತ್ತವೆ.

ಮೂಲಗಳನ್ನು ಬಂದ ಕ್ರಮದಲ್ಲೇ ಜೋಡಿಸಿ, ಕೊಟ್ಟವರೆದುರೇ ಎಣಿಸಿ ಹಿಂತಿರುಗಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿ. ಜೊತೆಗೆ ಸಂಖ್ಯೆ ಹಾಕಿದ ಎ4 ಪ್ರತಿಗಳನ್ನೂ, ಹೆಸರುಗಳ ಪಟ್ಟಿಯನ್ನೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಡಿ, ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಗೆರೆ ಬಿಟ್ಟು, ಒಂದು ಪೆನ್ಸಿಲ್ ಸಮೇತ. ಹಬ್ಬಕ್ಕೋ ರಜಕ್ಕೋ ನಂಟರು ಸೇರಿದಾಗ ಆ ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಎರಡು ತಿಂಗಳು ಬಿಟ್ಟು ಹೋಗಿ ಅದನ್ನು ಇಸಿದುಕೊಳ್ಳಿ, ಖಾಲಿ ಗೆರೆಗಳಲ್ಲಿ ಬಂದ ಹೆಸರುಗಳನ್ನು ಬರೆದವರ ಹೆಸರಿನೊಂದಿಗೆ ಸ್ಪ್ರೆಡ್‌ಶೀಟಿನ ಹೊಸ ಸಾಲಿಗೆ ಸೇರಿಸಿ.